ಕೊನೆ ಮೊದಲೇ ಗೊತ್ತಿದ್ದರೂ ಜಗಳದ ಪ್ರೇಮಕತೆ ಯಾಕೆ ಓದಬೇಕು?

ಓದುಗರ ಪ್ರಶ್ನೆ: ಬೇಸಿಗೆ ರಜೆಗೆ ಅಂತ ಒಂದು ಹಗುರವಾದ ಪ್ರೇಮ ಕಾದಂಬರಿ ತಂದೆ. ಹುಡುಗ, ಹುಡುಗಿ ಇಬ್ಬರೂ ಶುರುವಿನಿಂದಲೇ ಎಣ್ಣೆ ಸೀಗೇಕಾಯಿ. ಕೊನೆಗೆ ಒಂದಾಗುತ್ತಾರೆ ಅಂತ ಹತ್ತನೇ ಪುಟದಲ್ಲೇ ಗೊತ್ತಾಯಿತು. ಉಳಿದ ಮುನ್ನೂರು ಪುಟ ಯಾಕೆ ಓದಬೇಕು? ಟೈಮ್ ವೇಸ್ಟ್ ಅಲ್ವಾ?

ವೇಸ್ಟ್ ಅಲ್ಲ. ಆರಾಮಾಗಿ ಓದಿ. ಪ್ರತಿ ಏಪ್ರಿಲ್‌ನಲ್ಲಿ ಯಾರಾದರೊಬ್ಬರು ನನಗೆ ಈ ಪ್ರಶ್ನೆ ಕೇಳುತ್ತಾರೆ. ಕೇಳುವಾಗ ಅವರ ದನಿಯಲ್ಲಿ ಸ್ವಲ್ಪ ಸಂಕೋಚ ಇರುತ್ತದೆ. ಹಗುರವಾದದ್ದನ್ನು ಓದಿ ಖುಷಿಪಡುವುದಕ್ಕೆ ಯಾರೂ ಸಂಕೋಚ ಪಡಬೇಕಿಲ್ಲ.

ನಮ್ಮ ಬಳ್ಳಾರಿ, ಕೊಪ್ಪಳದ ಕಡೆ ಬಯಲಾಟ ನೋಡಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ದುಶ್ಶಾಸನ ಸೀರೆಗೆ ಕೈ ಹಾಕುತ್ತಾನೆ, ಕೃಷ್ಣ ಕಾಯುತ್ತಾನೆ. ಊರಿನ ಸಣ್ಣ ಮಕ್ಕಳಿಗೂ ಇದು ಗೊತ್ತು. ಆದರೂ ಬೆಳಗಿನ ಜಾವದ ತನಕ ಜನ ಚಾಪೆ ಬಿಟ್ಟು ಏಳುವುದಿಲ್ಲ. ಈ ಸಲದ ದ್ರೌಪದಿ ಸಭೆಯಲ್ಲಿ ಹೇಗೆ ಮಾತಾಡುತ್ತಾಳೆ ಅಂತ ಕಾಯುತ್ತಾರೆ. ಜಗಳವನ್ನೇ ಸವಿಯುವುದೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಹಾಡಿಕೆ ಕೇಳಿದ್ದೀರಾ? ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತದೆ, ಎದುರಿನ ಮೇಳ ಹೆಣ್ಣು ಹೆಚ್ಚು ಅಂತ ತಿರುಗಿ ಹಾಡುತ್ತದೆ. ಕೇಳುವವರು ಎರಡೂ ಕಡೆ ತಲೆದೂಗುತ್ತಾರೆ. ಜಗಳದ ಪ್ರೇಮಕತೆಯ ರುಚಿ ಇರುವುದೂ ಈ ಸವಾಲು–ಜವಾಬಿನಲ್ಲೇ.

ಹಾಗಾದರೆ ಓದುವಾಗ ಏನನ್ನು ಗಮನಿಸಬೇಕು? ನಾನು ಮೊದಲು ನೋಡುವುದು ಒಂದು ತೀರಾ ಸಣ್ಣ ಸಂಗತಿ: ‘ನೀವು’ ಮತ್ತು ‘ನೀನು’. ಇಂದಿನ ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಆಸ್ತಿ. ಪರಿಚಯವಾದ ದಿನ ‘ನೀವು’, ‘ಬರ್ರಿ’, ‘ಕೂಡ್ರಿ’. ಮಾತು ಏರಿದ ಹಾಗೆ ‘ರಿ’ ಬಿದ್ದು ಹೋಗುತ್ತದೆ. ‘ಏನ್ ಮಾಡ್ತೀ ಮಾಡು ಹೋಗು’ ಅಂದ ಕೂಡಲೇ ಸುತ್ತ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಅಲ್ಲಿ ‘ನೀನು’ ಅಂದರೆ ಬೈಗುಳವೇ. ಕತೆಯ ನಡುವೆ ಎಲ್ಲೋ ಇಬ್ಬರೂ ಮತ್ತೆ ‘ನೀವು’ ಅನ್ನಲು ಶುರು ಮಾಡುತ್ತಾರೆ. ಇದು ಮೊದಲಿನ ‘ನೀವು’ ಅಲ್ಲ. ಇದರಲ್ಲಿ ಮರ್ಯಾದೆ ಇದೆ, ಎಲ್ಲಿ ತಪ್ಪಿ ನೋಯಿಸಿಬಿಡುತ್ತೇನೋ ಎಂಬ ಅಳುಕೂ ಇದೆ. ಇನ್ನೂ ನೂರು ಪುಟ ಕಳೆದ ಮೇಲೆ ಒಂದು ಸಂಜೆ ಅವಳು ಸುಮ್ನೆ ಕೇಳುತ್ತಾಳೆ, ‘ಊಟ ಆತೇನು ನಿಂದು?’ ಬೈಗುಳವಾಗಿದ್ದ ಪದವೇ ಈಗ ಸಲುಗೆಯಾಗಿದೆ. ಒಳ್ಳೆಯ ಲೇಖಕರು ಆ ಜಾಗದಲ್ಲಿ ಪ್ರೀತಿ ಎಂಬ ಪದವನ್ನೇ ತರುವುದಿಲ್ಲ. ಓದುತ್ತಿರುವ ನಮಗೆ ಮಾತ್ರ ಎದೆ ಝಲ್ ಅನ್ನುತ್ತದೆ.

ಇನ್ನೊಂದು, ಜಗಳದಲ್ಲಿ ಹುರುಳಿರಬೇಕು. ಒಂದು ಫೋನ್ ಮಾಡಿದ್ದರೆ ಮುಗಿದು ಹೋಗುತ್ತಿದ್ದ ತಪ್ಪು ತಿಳಿವಳಿಕೆಯನ್ನು ಮುನ್ನೂರು ಪುಟ ಎಳೆದರೆ ನನಗೂ ಬೇಜಾರಾಗುತ್ತದೆ. ನಮ್ಮ ಕಡೆಯದೇ ಒಂದು ಕತೆ ಕಲ್ಪಿಸಿಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯಿಂದ ರಾಯಚೂರು ಜಿಲ್ಲೆಗೆ ಹರಿಯುತ್ತದೆ. ಗಂಗಾವತಿ, ಕಾರಟಗಿ ಕಡೆಯದು ಮೇಲ್ಭಾಗ. ಮಾನ್ವಿ, ಸಿರವಾರ ಕಡೆಯದು ಕೆಳಭಾಗ. ಕೆಳಭಾಗಕ್ಕೆ ನೀರು ತಲುಪಲಿಲ್ಲ ಎಂಬ ಕೂಗು ನಮಗೆಲ್ಲ ಗೊತ್ತಿರುವುದೇ. ಅಲ್ಲಿಗೆ ಹೊಸದಾಗಿ ಬಂದ ಒಬ್ಬ ನೀರಾವರಿ ಎಂಜಿನಿಯರ್ ಹುಡುಗಿ. ತೆನೆ ಕಟ್ಟುವ ಹೊತ್ತಿಗೆ ಗದ್ದೆ ಒಣಗಿ, ಅವಳ ಜೀಪಿಗೆ ಅಡ್ಡ ನಿಂತ ಕೆಳಭಾಗದ ರೈತನ ಮಗ. ಅವನು ಹೇಳುವುದು ಸತ್ಯ, ನೀರು ಬಂದಿಲ್ಲ. ಅವಳು ಹೇಳುವುದೂ ಸತ್ಯ, ತೂಬಿನಿಂದ ನೀರು ಬಿಟ್ಟಿದ್ದಾಳೆ. ನಡುವೆ ಎಲ್ಲೋ ಪಂಪ್‌ಸೆಟ್‌ಗಳು ನೀರೆತ್ತಿವೆ. ಈ ಜಗಳ ಒಂದು ಕ್ಷಮೆಯಿಂದ ಮುಗಿಯುವುದಿಲ್ಲ. ಇಬ್ಬರೂ ರಾತ್ರಿ ಹೊತ್ತು ಕಾಲುವೆ ಏರಿಯ ಮೇಲೆ ಟಾರ್ಚ್ ಹಿಡಿದು ನಡೆಯಲೇಬೇಕು.

ನಡೆಯುತ್ತಾ ನಡೆಯುತ್ತಾ ಗೊತ್ತಾಗುತ್ತದೆ, ಅವರು ಒಬ್ಬರನ್ನೊಬ್ಬರು ಎಷ್ಟು ಗಮನಿಸಿದ್ದಾರೆ ಅಂತ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಅವನು ಜಗಳದಲ್ಲೇ ಕಂಡುಕೊಂಡಿದ್ದಾನೆ. ಅವನು ಜೋರು ಮಾಡುವುದು ಅಪ್ಪನ ಸಾಲದ ಮಾತು ಬಂದಾಗ ಮಾತ್ರ ಅಂತ ಅವಳಿಗೆ ಗೊತ್ತಿದೆ. ಸೋಲಿಸಬೇಕು ಅಂತ ಕೂಡಿಸಿಟ್ಟುಕೊಂಡಿದ್ದೆಲ್ಲ ಈಗ ಕಾಳಜಿಗೆ ಒದಗುತ್ತದೆ. ಜಗಳದ ಪ್ರೇಮಕತೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಜಗಳ ಬೇರೆ, ಕಾಟ ಬೇರೆ. ಬೇಡ ಅಂದ ಹುಡುಗಿಯ ಹಿಂದೆ ಬೀಳುವುದು, ಹೀಯಾಳಿಸುವುದು, ಹೆದರಿಸುವುದು, ಕೊನೆಗೆ ಅವಳು ಒಪ್ಪಿಕೊಂಡಳು ಅಂತ ಮುಗಿಸುವುದು, ಇಂಥ ಪುಸ್ತಕ ಕೈಗೆ ಬಂದರೆ ಮುಚ್ಚಿಡಿ. ಈ ಬಗೆಯ ಕತೆಗಳ ಹಿರಿಯಕ್ಕ ಅನ್ನಬಹುದಾದ ಜೇನ್ ಆಸ್ಟಿನ್ ಅವರ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ನೋಡಿ. ಅದು 1813ರಲ್ಲಿ ಬಂದದ್ದು, ಒಟ್ಟು 61 ಅಧ್ಯಾಯ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಹತ್ತಿರ ಮೊದಲ ಸಲ ಮದುವೆಯ ಮಾತೆತ್ತುವುದು 34ನೇ ಅಧ್ಯಾಯದಲ್ಲಿ. ಅದೂ ಅವಳ ಮನೆತನವನ್ನು ಕೆಳಗೆ ಮಾಡಿ ಮಾತಾಡುತ್ತಾನೆ. ಎಲಿಜಬೆತ್ ಖಡಾಖಂಡಿತವಾಗಿ ಬೇಡ ಅನ್ನುತ್ತಾಳೆ. ಮರುದಿನ ಅವನು ಒಂದು ಪತ್ರ ಅವಳ ಕೈಗೆ ಕೊಟ್ಟು ಹೊರಟು ಹೋಗುತ್ತಾನೆ. ಬೆನ್ನು ಹತ್ತುವುದಿಲ್ಲ. ಮುಂದೆ ಅವಳ ತಂಗಿಗೆ ಕಷ್ಟ ಬಂದಾಗ ತನ್ನ ಹೆಸರು ಹೊರಗೆ ಬರದ ಹಾಗೆ ಸಹಾಯ ಮಾಡುತ್ತಾನೆ. ಎರಡನೇ ಸಲ ಕೇಳುವುದು 58ನೇ ಅಧ್ಯಾಯದಲ್ಲಿ. ಈ ಎರಡು ಪ್ರಶ್ನೆಗಳ ನಡುವೆ ಅವನೂ ಬದಲಾಗಿದ್ದಾನೆ, ಅವಳೂ ತನ್ನ ತಪ್ಪು ನೋಡಿಕೊಂಡಿದ್ದಾಳೆ. ನೀವು ಕೇಳಿದಿರಲ್ಲ, ಉಳಿದ ಪುಟಗಳು ಯಾಕೆ ಅಂತ. ಈ ಬದಲಾವಣೆಗೆ ಅಷ್ಟು ಪುಟ ಬೇಕು.

ಬೇಸಿಗೆಗೇ ಇದು ಯಾಕೆ ಹೊಂದುತ್ತದೆ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವುದು ವಾಡಿಕೆ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಬಳ್ಳಾರಿಯ ರಸ್ತೆಗಳಲ್ಲಿ ಜನ ಕಾಣುವುದಿಲ್ಲ. ಮಜ್ಜಿಗೆ ಕುಡಿದು, ಕೂಲರ್‌ಗೆ ನೀರು ತುಂಬಿ ಮಲಗಿದರೆ ಸಂಜೆ ಐದರ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಆ ಹೊತ್ತಿಗೆ ಭಾರವಾದ ಪುಸ್ತಕ ಹಿಡಿದರೆ ಕಣ್ಣು ಎಳೆಯುತ್ತದೆ. ಚುರುಕು ಮಾತಿನ ಜಗಳ ಮಾತ್ರ ಎಚ್ಚರ ಇಡುತ್ತದೆ. ನಡುವೆ ನಿದ್ದೆ ಬಂದರೂ ಚಿಂತೆ ಇಲ್ಲ, ಎದ್ದ ಮೇಲೂ ಅವರು ಜಗಳಾಡುತ್ತಲೇ ಇರುತ್ತಾರೆ.

ನಮ್ಮ ದೊಡ್ಡವ್ವ ವಾರಪತ್ರಿಕೆಯ ಧಾರಾವಾಹಿಗಳ ಹಾಳೆ ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದಳು. ರಜೆಗೆ ಊರಿಗೆ ಹೋದಾಗ ನಾವು ಮಕ್ಕಳು ಅದನ್ನೇ ಓದುತ್ತಿದ್ದೆವು. ಒಂದರಲ್ಲಿ ಎರಡು ಕಂತು ಇರಲಿಲ್ಲ, ಆ ವಾರಗಳ ಪತ್ರಿಕೆ ಸಿಕ್ಕಿರಲಿಲ್ಲವಂತೆ. ಸರಿಯಾಗಿ ಇಬ್ಬರ ಜಗಳ ತಿರುಗುವ ಜಾಗ ಅದು. ‘ಅಲ್ಲಿ ಏನಾತು ದೊಡ್ಡವ್ವಾ?’ ಅಂತ ಕೇಳಿದರೆ ಬಾಯಲ್ಲೇ ಹೇಳುತ್ತಿದ್ದಳು. ಪ್ರತಿ ವರ್ಷ ಬೇರೆ ಬೇರೆ ಥರ ಹೇಳುತ್ತಿದ್ದಳು. ಒಂದು ವರ್ಷ ಮಳೆ ಬಂತು, ಇನ್ನೊಂದು ವರ್ಷ ಹುಡುಗನಿಗೆ ಜ್ವರ ಬಂತು. ಮದುವೆಯಾಗುತ್ತದೆ ಅಂತ ನಮಗೆಲ್ಲ ಗೊತ್ತು, ಕೊನೆಯ ಕಂತು ಕೈಯಲ್ಲೇ ಇತ್ತು. ಆದರೂ ಮುಂದಿನ ಬೇಸಿಗೆಗೆ ಮತ್ತೆ ಅದನ್ನೇ ಕೇಳುತ್ತಿದ್ದೆವು.

ಈಗ ನೀವು ಬಿಟ್ಟ ಹತ್ತನೇ ಪುಟಕ್ಕೆ ವಾಪಸ್ ಹೋಗಿ. ಅವರಿಬ್ಬರೂ ಒಬ್ಬರನ್ನೊಬ್ಬರು ಏನಂತ ಕರೆಯುತ್ತಿದ್ದಾರೆ ನೋಡಿ, ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ. ಗ್ರಂಥಾಲಯದ ಪುಸ್ತಕವಾದರೆ ಚೀಟಿ ಇಡಿ. ಆ ಕರೆ ಬದಲಾದ ಪುಟ ಸಿಕ್ಕಾಗ ನನಗೂ ಬರೆಯಿರಿ.