ವಾಲ್ವಿನ ಕಾಲ, ಆಯಿಲ್‌ನ ಒತ್ತಡ

ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ಪಿಸ್ಟನ್ ಮೇಲಿನಿಂದ ಕೆಳಗಿಳಿಯಲು ಹಿಡಿಯುವ ಅವಧಿ 5 ಮಿಲಿಸೆಕೆಂಡು. ಅದೇ ಎಂಜಿನ್ನು ಸಿಗ್ನಲ್ಲಿನಲ್ಲಿ 750 ಸುತ್ತಿನ ಐಡ್ಲಿಂಗಿನಲ್ಲಿ ನಿಂತಿರುವಾಗ ಅದು 40 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ವೇಗದಲ್ಲಿ ಒಳನುಗ್ಗುವ ಗಾಳಿಗೆ ತನ್ನದೇ ಓಘವಿರುವುದರಿಂದ, ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದ ಮೇಲೂ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದಿದ್ದರೆ ಸಿಲಿಂಡರ್ ಇನ್ನಷ್ಟು ತುಂಬಿಕೊಳ್ಳುತ್ತದೆ. ನಿಧಾನಗತಿಯಲ್ಲಿ ಹಾಗೆ ತೆರೆದಿದ್ದರೆ ಒಳಬಂದ ಗಾಳಿಯನ್ನೇ ಪಿಸ್ಟನ್ ಮರಳಿ ಹೊರದೂಡುತ್ತದೆ. ವಾಲ್ವಿನ ಕಾಲ, ಅಂದರೆ ಅದು ತೆರೆದು ಮುಚ್ಚುವ ಹೊತ್ತು, ಬದಲಾಗದ ಹಳೆಯ ಎಂಜಿನ್ನುಗಳಲ್ಲಿ ಈ ಎರಡು ಸ್ಥಿತಿಗಳ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಲೇಬೇಕಿತ್ತು.

ಆ ರಾಜಿಯನ್ನು ಕೊನೆಗೊಳಿಸಿದ್ದು, ಎಂಜಿನ್ನು ಓಡುತ್ತಿರುವಾಗಲೇ ವಾಲ್ವಿನ ಕಾಲವನ್ನು ಬದಲಿಸುವ ವೇರಿಯಬಲ್ ವಾಲ್ವ್ ಟೈಮಿಂಗ್ ಘಟಕ. ಆಲ್ಫಾ ರೋಮಿಯೋ ಸಂಸ್ಥೆ 1980ರಲ್ಲೇ ಇದನ್ನು ತನ್ನ ಸ್ಪೈಡರ್ ಕಾರಿನಲ್ಲಿ ಅಳವಡಿಸಿತ್ತು. 1992ರಲ್ಲಿ ಬಿಎಂಡಬ್ಲ್ಯು ತನ್ನ ಆರು ಸಿಲಿಂಡರಿನ ಎಂಜಿನ್ನಿಗೆ ವ್ಯಾನೋಸ್ ಎಂಬ ಘಟಕವನ್ನು ಜೋಡಿಸಿತು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾದ ಕೊರೊಲಾ ಕಾರಿನಲ್ಲಿಯೂ ಈ ತಂತ್ರವಿತ್ತು. ಇಂದು ಬೆಂಗಳೂರಿನ ರಸ್ತೆಗಳಲ್ಲಿ ಓಡುವ ಪುಟ್ಟ ಪೆಟ್ರೋಲ್ ಕಾರುಗಳಲ್ಲಿಯೂ ಇದು ಸಾಮಾನ್ಯ.

ಘಟಕದ ಒಳಗೆ ಮುಖ್ಯವಾಗಿ ಎರಡು ಬಗೆಯ ರಚನೆಗಳಿವೆ. ವ್ಯಾನೋಸ್‌ನ ಮೊದಲ ತಲೆಮಾರುಗಳಲ್ಲಿ ಆಯಿಲ್‌ನ ಒತ್ತಡವು ಘಟಕದೊಳಗಿನ ಒಂದು ಪುಟ್ಟ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಅದಕ್ಕೆ ಅಂಟಿಕೊಂಡ ಓರೆಹಲ್ಲಿನ ದಂಡವು ಆ ನೇರ ಚಲನೆಯನ್ನು, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ತಿರುವಾಗಿ ಮಾರ್ಪಡಿಸುತ್ತದೆ. ಈಗಿನ ಬಹುಪಾಲು ಕಾರುಗಳಲ್ಲಿ ಟೈಮಿಂಗ್ ಚೈನಿನ ಗಾಲಿಯೊಳಗೇ ರೆಕ್ಕೆಗಳುಳ್ಳ ಒಂದು ರೋಟರ್ ಇದ್ದು, ರೆಕ್ಕೆಯ ಯಾವ ಬದಿಗೆ ಆಯಿಲ್ ತುಂಬುತ್ತದೆಯೋ ಅದಕ್ಕೆ ತಕ್ಕಂತೆ ಕ್ಯಾಮ್‌ಶಾಫ್ಟ್ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಮಾಡುವುದು ಸೆನ್ಸರುಗಳ ಮೂಲಕ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಕ್ಯಾಮ್‌ಶಾಫ್ಟ್‌ಗಳ ಸ್ಥಾನವನ್ನು ತಾಳೆ ನೋಡಿ, ಆಯಿಲ್‌ನ ದಾರಿಯನ್ನು ವಿದ್ಯುತ್ತಿನಿಂದ ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವಿಗೆ ಆಜ್ಞೆ ಕೊಡುವುದನ್ನಷ್ಟೇ. ಕೆಲಸ ನಡೆಸುವುದು ಆಯಿಲ್. ತುಂಬಿದ ಬದಿಯಲ್ಲಿ ಅದು ಸೋರದೆ ನಿಂತರೆ ಮಾತ್ರ ವಾಲ್ವಿನ ಕಾಲ ಹೇಳಿದಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಈ ಘಟಕವನ್ನು ಬಿಚ್ಚಲು ಹೊರಟವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದೊಂದೇ, ಉಳಿದ ಎಚ್ಚರಿಕೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ನಮ್ಮ ಊರಿನ ಸಂಚಾರ ಆಯಿಲ್‌ಗೆ ಕಠಿಣವಾದುದು. 10,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸುವ ಕಾರು ಗಂಟೆಗೆ ಸರಾಸರಿ 60 ಕಿ.ಮೀ. ಓಡಿದ್ದರೆ ಎಂಜಿನ್ನು ದುಡಿದಿರುವುದು ಸುಮಾರು 167 ಗಂಟೆ. ಸಿಲ್ಕ್ ಬೋರ್ಡ್, ಹೆಬ್ಬಾಳಗಳ ದಟ್ಟಣೆಯಲ್ಲಿ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳಿದ್ದರೆ 500 ಗಂಟೆ. ಓಡೋಮೀಟರ್ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಹಳಸಿದ ಆಯಿಲ್‌ನಿಂದ ಕಟ್ಟುವ ಜಿಗುಟಾದ ಕೆಸರು ಸೊಲೆನಾಯ್ಡ್ ವಾಲ್ವಿನ ಸಣ್ಣ ಜಾಲರಿಯನ್ನು ಮುಚ್ಚುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿ ಮೊದಲೇ ತೆಳು. ಅದರ ಮೇಲೆ ವಾಲ್ವಿನ ಕಾಲವೂ ತಪ್ಪಿದರೆ ಫ್ಲೈಓವರ್ ಏರುವಾಗಲೇ ಪಿಕಪ್ ಇಲ್ಲವೆಂದು ಗೊತ್ತಾಗಿಬಿಡುತ್ತದೆ.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಪಿ0011 ಅಥವಾ ಪಿ0012 ಎಂಬ ಕೋಡ್ ತೋರಿಸಿದ ಕೂಡಲೇ ಘಟಕವನ್ನೇ ಬದಲಿಸಲು ಹೊರಡುವುದು ದುಡುಕು ಎಂದೇ ನನ್ನ ದೃಢ ಅಭಿಪ್ರಾಯ. ಕ್ಯಾಮ್‌ಶಾಫ್ಟ್ ಇರಬೇಕಾದಲ್ಲಿ ಇಲ್ಲ ಎಂಬುದನ್ನಷ್ಟೇ ಆ ಕೋಡ್ ಹೇಳುತ್ತದೆ, ಕಾರಣವನ್ನಲ್ಲ. ಆಯಿಲ್‌ನ ಮಟ್ಟ ಮತ್ತು ಗ್ರೇಡ್, ಸೊಲೆನಾಯ್ಡ್, ಅದರ ಜಾಲರಿ, ಟೈಮಿಂಗ್ ಚೈನ್ ಇವನ್ನೆಲ್ಲ ನೋಡಿದ ಮೇಲಷ್ಟೇ ಘಟಕದ ಸರದಿ. ರೆಕ್ಕೆಯ ಬಗೆಯ ಘಟಕವನ್ನಂತೂ ಮನೆಯಲ್ಲಿ ಬಿಡಿಸದಿರುವುದೇ ಒಳ್ಳೆಯದು: ಅದರ ಒಳಭಾಗಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಸಾಮಾನ್ಯವಾಗಿ ಬಿಡಿಯಾಗಿ ದೊರೆಯುವುದಿಲ್ಲ.

ಪಿಸ್ಟನ್ ಬಗೆಯ ವ್ಯಾನೋಸ್‌ನ ಸಂಗತಿ ಬೇರೆ. ಅದರ ಪಿಸ್ಟನ್ನಿನ ಸುತ್ತ ಒಂದು ಟೆಫ್ಲಾನ್ ಬಳೆಯಿದ್ದು, ಬಳೆಯ ಒಳಗೆ ರಬ್ಬರಿನ ಓ-ರಿಂಗ್ ಇರುತ್ತದೆ. ಟೆಫ್ಲಾನ್ ಸವೆತ ತಾಳುತ್ತದೆ, ಆದರೆ ತಾನಾಗಿ ಗೋಡೆಗೆ ಒತ್ತಿಕೊಳ್ಳಲಾರದು. ಅದನ್ನು ಒಳಗಿನಿಂದ ಸ್ಪ್ರಿಂಗಿನಂತೆ ಒತ್ತಿ ಹಿಡಿಯುವುದು ಓ-ರಿಂಗ್. ಮೂಲತಃ ಬಳಸಿದ ನೈಟ್ರೈಲ್ ರಬ್ಬರು ಎಂಜಿನ್ನಿನ ಕಾವಿನಲ್ಲಿ ವರ್ಷಗಟ್ಟಲೆ ಬೆಂದು ಗಟ್ಟಿಯಾಗಿ ಚಪ್ಪಟೆಯಾದಾಗ ಬಳೆ ಸಡಿಲಗೊಂಡು, ಆಯಿಲ್ ಒಂದು ಬದಿಯಿಂದ ಇನ್ನೊಂದಕ್ಕೆ ನುಸುಳುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳಬಲ್ಲ ವೈಟಾನ್ ರಬ್ಬರಿನ ರಿಂಗ್ ಹಾಕಿದರೆ ದೋಷದ ಬೇರಿಗೇ ಮದ್ದು ಕೊಟ್ಟಂತಾಗುತ್ತದೆ. ದುಬಾರಿ ಘಟಕವೊಂದು ಇಷ್ಟು ಅಗ್ಗದ ವಸ್ತುವಿನಿಂದ ಮತ್ತೆ ಸುಸ್ಥಿತಿಗೆ ಬರುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಹಳೆಯ ಬಳೆಯನ್ನು ಕತ್ತರಿಸುವಾಗ ಪಿಸ್ಟನ್ನಿನ ಕಾಲುವೆಗೆ ಬ್ಲೇಡು ತಾಗಕೂಡದು, ಏಕೆಂದರೆ ಒಂದು ಗೀರೂ ಸೋರಿಕೆಯ ದಾರಿಯೇ. ಹೊಸ ಟೆಫ್ಲಾನ್ ಬಳೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ಹಿಗ್ಗಿಸಿ ಕೂರಿಸಬೇಕು. ಅದು ಮತ್ತೆ ಕುಗ್ಗಿ ತನ್ನ ಅಳತೆಗೆ ಬರುವವರೆಗೆ ಪಿಸ್ಟನ್ನನ್ನು ಘಟಕದ ಸಿಲಿಂಡರಿಗೆ ಬಲವಂತವಾಗಿ ತೂರಿಸಬಾರದು. ಗ್ಯಾರೇಜುಗಳಲ್ಲಿ ಧಾರಾಳವಾಗಿ ಬಳಸುವ ವೇಸ್ಟ್ ಕಾಟನ್ ಇಲ್ಲಿ ಸಲ್ಲದು. ಅದರ ಎಳೆ ಸೊಲೆನಾಯ್ಡಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. 1998ರಲ್ಲಿ ಬಂದ ಆರು ಸಿಲಿಂಡರಿನ ಡಬಲ್ ವ್ಯಾನೋಸ್ (ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕ್ಯಾಮ್‌ಶಾಫ್ಟುಗಳನ್ನು ಸರಿಸುವ ಬಗೆ) ಎಂಜಿನ್ನುಗಳಲ್ಲಿ ಪಿಸ್ಟನ್ನನ್ನು ದಂಡಕ್ಕೆ ಸೇರಿಸುವ ಬೋಲ್ಟುಗಳದು ಉಲ್ಟಾ ಥ್ರೆಡ್ ಎಂಬುದನ್ನು ಮರೆತು ಬಿಚ್ಚಲು ಎಡಕ್ಕೆ ತಿರುಗಿಸಿದರೆ ಬೋಲ್ಟಿನ ತಲೆ ಕೆಡುತ್ತದೆ.

ಮರುಜೋಡಣೆಯ ನಂತರ ಸ್ಟಾರ್ಟರ್ ಮುಟ್ಟುವ ಮೊದಲು ಕ್ರ್ಯಾಂಕ್‌ಶಾಫ್ಟನ್ನು ಸ್ಪ್ಯಾನರಿನಿಂದ ಕೈಯಾರೆ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಕ್ಯಾಮ್‌ಶಾಫ್ಟ್ ಒಂದು ಸುತ್ತು ಮುಗಿಸುವುದು ಆಗಲೇ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ವಾಲ್ವ್ ಎಂಜಿನ್ನಿನ ಪಿಸ್ಟನ್ನಿಗೆ ತಾಗುತ್ತಿರಬಹುದಾದ್ದರಿಂದ ಬಲ ಹಾಕದೆ ನಿಲ್ಲಿಸಿ ಟೈಮಿಂಗ್ ಗುರುತುಗಳನ್ನು ಮತ್ತೆ ನೋಡಬೇಕು. ಎಲ್ಲ ಸರಿಯಿದ್ದರೆ ಎಂಜಿನ್ನು ಓಡಿಸಿ, ಕಂಪ್ಯೂಟರ್ ಕೇಳುತ್ತಿರುವ ಕೋನವನ್ನೂ ಕ್ಯಾಮ್‌ಶಾಫ್ಟ್ ನಿಜವಾಗಿ ತಲುಪುತ್ತಿರುವ ಕೋನವನ್ನೂ ಸ್ಕ್ಯಾನರಿನಲ್ಲಿ ಅಕ್ಕಪಕ್ಕ ಗಮನಿಸಬಹುದು. ತಣ್ಣಗಿರುವ ಆಯಿಲ್ ಮಂದವಾಗಿದ್ದು ಸಣ್ಣ ಸೋರಿಕೆಯನ್ನು ಮರೆಮಾಡುವುದರಿಂದ, ಈ ಹೋಲಿಕೆಯನ್ನು ಎಂಜಿನ್ನು ಪೂರ್ತಿ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಇನ್ನೊಮ್ಮೆ ಮಾಡಬೇಕು.