ಗಾಳ ಎಷ್ಟು ಆಳಕ್ಕೆ ಹೋಯಿತು?

ಮೊದಲ ದಿನ ನನ್ನ ಗಾಳಕ್ಕೆ ಸಿಕ್ಕಿದ್ದು ಮರ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರು, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ದೋಣಿ ನಿಧಾನಕ್ಕೆ ಹೋಗುತ್ತಿತ್ತು. ಕೋಲು ಇದ್ದಕ್ಕಿದ್ದಂತೆ ಬಿಲ್ಲಿನ ಹಾಗೆ ಬಾಗಿತು. ನಾನು ಎದ್ದು ನಿಂತು ಕೂಗಾಡಿದೆ. ಹುಟ್ಟು ಹಾಕುತ್ತಿದ್ದ ಅಣ್ಣ ತಿರುಗಿಯೂ ನೋಡಲಿಲ್ಲ. "ಅದು ಮೀನಲ್ಲ ಮಾರಾಯ್ರೆ, ಮರ. ಎಳೀಬೇಡಿ" ಎಂದರು. ನಾನು ಎಳೆದೆ. ದಾರ ಕಡಿಯಿತು. ನಾನೂರೈವತ್ತು ರೂಪಾಯಿಯ ಹುಸಿ ಮೀನು ನೀರಿನಡಿಯ ಕಾಡಿನ ಪಾಲಾಯಿತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ತೋಟಗಳ ಜೊತೆ ಕಾಡೂ ಮುಳುಗಿತು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಇದರ ಹೊಟ್ಟೆಯೊಳಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ತಲೆ ಎತ್ತುತ್ತದೆ. ಒಣಗಿದ ಬೊಡ್ಡೆಗಳು ಎಷ್ಟೋ ಕಡೆ ಇನ್ನೂ ನಿಂತೇ ಇವೆ. ಬಯಲು ಸರೋವರಗಳಿಗೆ ಅಂತ ಬರೆದ ಗಾಳದ ಸಲಹೆಗಳನ್ನು ಇಲ್ಲಿ ಹಾಗೇ ಪಾಲಿಸಿದರೆ ಜೇಬು ಖಾಲಿ.

ನಾನು ಮಾಡುತ್ತಿದ್ದದ್ದಕ್ಕೆ ಟ್ರೋಲಿಂಗ್ ಅಂತ ಹೆಸರು. ಫೇಸ್‌ಬುಕ್ಕಿನ ಟ್ರೋಲ್ ಅಲ್ಲ. ಮಲ್ಪೆಯ ದೊಡ್ಡ ಬೋಟುಗಳು ಬಲೆ ಎಳೆಯುವ ಟ್ರಾಲಿಂಗ್ ಕೂಡ ಅಲ್ಲ. ಇಲ್ಲಿ ಬಲೆಯೇ ಇಲ್ಲ. ಸಾಗುವ ದೋಣಿಯ ಹಿಂದೆ ಉದ್ದಕ್ಕೆ ದಾರ ಬಿಟ್ಟು, ತುದಿಯಲ್ಲಿ ಒಂದು ಹುಸಿ ಮೀನನ್ನು ಎಳೆದುಕೊಂಡು ಹೋಗುವುದು, ಅಷ್ಟೇ. ಅಂಗಡಿಯಲ್ಲಿ ಅದನ್ನು ಲೂರ್ ಎನ್ನುತ್ತಾರೆ. ಬೇರೆ ಮೀನು ಹಿಡಿದು ತಿನ್ನುವ ಬಾಳೆ ಮೀನು, ಕೊರವದಂಥವು ಇದರ ಬೆನ್ನು ಹತ್ತುತ್ತವೆ. ಕಾಟ್ಲಾ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು. ಅದಕ್ಕೆ ಇಂಥ ಆಟಿಕೆ ಬೇಡ.

ಅಂಗಡಿಗೆ ಹೋದರೆ ಮೊದಲು ಕೋಲು ತೋರಿಸುತ್ತಾರೆ, ಆಮೇಲೆ ರೀಲು. ದುಡ್ಡೆಲ್ಲ ಅಲ್ಲೇ ಮುಗಿದು, ಕೊನೆಗೆ "ದಾರ ಯಾವುದಾದರೂ ಕೊಡಿ" ಅನ್ನುತ್ತೇವೆ. ನನ್ನ ಪ್ರಕಾರ ಇದು ತಲೆಕೆಳಗು. ಟ್ರೋಲಿಂಗ್‌ನಲ್ಲಿ ಮೊದಲು ಕೇಳಬೇಕಾದ್ದು ಒಂದೇ: ಹುಸಿ ಮೀನು ಎಷ್ಟು ಆಳದಲ್ಲಿ ಓಡುತ್ತಿದೆ? ಅದನ್ನು ಕೋಲಾಗಲಿ ರೀಲಾಗಲಿ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ದಾರ.

ಒಂದು ಲೆಕ್ಕ ನೋಡಿ. ನಮ್ಮ ಕಡೆ ತಂಗೂಸು ಎನ್ನುವ ನೈಲಾನ್ ದಾರ 0.4 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಅಂಥ 40 ಮೀಟರ್ ನೀರಿಗೆ ಬಿಟ್ಟಿದ್ದೀರಿ. ಉದ್ದವನ್ನು ದಪ್ಪದಿಂದ ಗುಣಿಸಿದರೆ 160 ಚದರ ಸೆಂಟಿಮೀಟರ್ ಬರುತ್ತದೆ. ಬೆರಳು ಸೇರಿಸಿ ನಿಮ್ಮ ಅಂಗೈ ಇದ್ದಷ್ಟು. ಕೂದಲಿನಂತೆ ಕಾಣುವ ದಾರ ನೀರಿಗೆ ಒಂದು ಅಂಗೈಯನ್ನೇ ಅಡ್ಡ ಹಿಡಿಯುತ್ತದೆ. ದಾರ ಓರೆಯಾಗಿರುವುದರಿಂದ ಅಷ್ಟೂ ನೇರವಾಗಿ ಎದುರಾಗುವುದಿಲ್ಲ, ನಿಜ. ಆದರೂ ಹುಸಿ ಮೀನನ್ನು ಮೇಲಕ್ಕೆ ಎಳೆಯಲು ಅದು ಸಾಕು. ದಪ್ಪ ಅರ್ಧ ಮಾಡಿದರೆ ಅಡ್ಡವೂ ಅರ್ಧವಾಗುತ್ತದೆ, ಹುಸಿ ಮೀನು ಇನ್ನಷ್ಟು ಕೆಳಗೆ ಓಡುತ್ತದೆ. ಅದಕ್ಕೇ ಹೆಣೆದ ದಾರಕ್ಕೆ ಜಾಸ್ತಿ ಬೆಲೆ. ಅಷ್ಟೇ ತೂಕ ತಡೆಯುವ ನೈಲಾನಿಗಿಂತ ಅದು ಬಹಳ ತೆಳು.

ಇನ್ನು ವೇಗ. ದೋಣಿಯ ವೇಗ ಎರಡು ಪಟ್ಟಾದರೆ ನೀರಿನ ಎಳೆತ ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಸೀಸದ ಗುಂಡಿನ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಸೀಸ ಕಟ್ಟಿದ ಗಾಳ ದೋಣಿ ಜೋರಾದಂತೆ ಮೇಲೇರುತ್ತದೆ. ಇಲ್ಲಿಯವರೆಗೆ ಯಾರಾದರೂ ಊಹಿಸಬಹುದು. ಗದ್ದದ ಕೆಳಗೆ ಚಮಚದಂಥ ಪ್ಲಾಸ್ಟಿಕ್ ತುಟಿ ಇರುವ ಹುಸಿ ಮೀನಿನ ಕಥೆ ಬೇರೆ. ನೀರು ಆ ತುಟಿಯನ್ನು ಒತ್ತಿದಾಗ ಅದು ಮೂಗು ಕೆಳಗೆ ಮಾಡಿ ಮುಳುಗುತ್ತದೆ. ವೇಗ ಹೆಚ್ಚಿಸಿದರೆ ಕೆಳಕ್ಕೆ ತಳ್ಳುವ ಒತ್ತಡವೂ ನಾಲ್ಕು ಪಟ್ಟು, ಮೇಲಕ್ಕೆ ಎಳೆಯುವ ದಾರದ ಬಲವೂ ನಾಲ್ಕು ಪಟ್ಟು. ಎರಡೂ ಒಟ್ಟೊಟ್ಟಿಗೆ ಏರುವುದರಿಂದ ಆಳ ಹೆಚ್ಚೇನೂ ಬದಲಾಗುವುದಿಲ್ಲ. ಇದನ್ನು ಮೊದಲು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಕಾಗದದ ಮೇಲೆ ಬಾಣ ಎಳೆದು ನೋಡಿದ ಮೇಲೇ ಒಪ್ಪಿದ್ದು.

ಮುಳುಗಿದ ಕಾಡಿಗೆ ಈ ತುಟಿಯ ಮೀನೇ ಸರಿ. ಅದರಲ್ಲೂ ತೇಲುವ ಜಾತಿಯದು. ಎಳೆತ ನಿಂತರೆ ಅದು ತಾನಾಗಿ ಮೇಲೆ ಬರುತ್ತದೆ. ಬೊಡ್ಡೆಗೆ ತಾಗಿತು ಅನ್ನಿಸಿದ ಕೂಡಲೇ ದೋಣಿ ನಿಲ್ಲಿಸಿ ದಾರ ಸಡಿಲ ಬಿಟ್ಟರೆ ಎಷ್ಟೋ ಸಲ ಹಿಂದಕ್ಕೆ ಜಾರಿ ಬಿಡಿಸಿಕೊಳ್ಳುತ್ತದೆ. ಸೀಸದ ಗುಂಡು ಹಾಗಲ್ಲ, ಎಳೆದಷ್ಟೂ ಕವಲಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಮೆರಿಕದ ದೊಡ್ಡ ಸರೋವರಗಳಲ್ಲಿ ನಾಲ್ಕೈದು ಕಿಲೋ ತೂಕದ ಗುಂಡನ್ನು ಉಕ್ಕಿನ ತಂತಿಯಲ್ಲಿ ಇಳಿಸಿ, ಅದಕ್ಕೆ ಕ್ಲಿಪ್‌ನಲ್ಲಿ ಗಾಳದ ದಾರ ಸಿಕ್ಕಿಸುತ್ತಾರೆ. ಆಳ ಕರಾರುವಾಕ್ಕಾಗಿ ಸಿಗುತ್ತದೆ. ಅದನ್ನು ನಮ್ಮ ಹಿನ್ನೀರಿನಲ್ಲಿ ಇಳಿಸಿದರೆ ದೋಣಿಗೆ ಲಂಗರು ಹಾಕಿದ ಹಾಗೆ.

"ಎಳೀಬೇಡಿ" ಅಂದದ್ದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ.

ಎಷ್ಟು ದಾರ ಬಿಟ್ಟಿದ್ದೇವೆ ಎಂದು ತಿಳಿಯಲು ದುಬಾರಿ ರೀಲುಗಳಲ್ಲಿ ಮೀಟರ್ ಇರುತ್ತದೆ. ನಮಗೆ ಮಾರು ಇದೆಯಲ್ಲ. ಎರಡೂ ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ಇಪ್ಪತ್ತು ಮಾರು ಅಳೆದು ದಾರಕ್ಕೆ ಬಣ್ಣದ ಗುರುತು ಹಾಕಿ. ಮೀನು ಕಚ್ಚಿದಾಗ ಎಷ್ಟು ಮಾರು ಹೊರಗಿತ್ತೋ ಮತ್ತೆ ಅಷ್ಟೇ ಬಿಟ್ಟರೆ ಅದೇ ಆಳ ಸಿಗುತ್ತದೆ. ದೋಣಿ ನಡಿಗೆಯ ವೇಗಕ್ಕಿಂತ ಜೋರಾಗಿ ಹೋಗುವುದು ಬೇಡ. ಪೆಟ್ರೋಲ್ ಮೋಟಾರಿನ ದೋಣಿ ಎಷ್ಟು ಇಳಿಸಿದರೂ ಓಡುತ್ತಿದ್ದರೆ ಹಗ್ಗಕ್ಕೆ ಬಕೆಟ್ ಕಟ್ಟಿ ಹಿಂದೆ ಎಳೆಯಿರಿ. ತಮಾಷೆಗೆ ಹೇಳುತ್ತಿಲ್ಲ, ಕೆಲಸ ಮಾಡುತ್ತದೆ. ನನಗಂತೂ ಹುಟ್ಟೇ ಇಷ್ಟ. ಒಂದೊಂದು ಸಲ ಹುಟ್ಟು ಎಳೆದಾಗಲೂ ಹುಸಿ ಮೀನು ಮುಂದಕ್ಕೆ ಚಿಮ್ಮಿ, ಆಮೇಲೆ ಸುಸ್ತಾಗುತ್ತದೆ. ಗಾಯವಾದ ಸಣ್ಣ ಮೀನು ಈಜುವುದೂ ಹಾಗೇ ಅಲ್ವಾ? ಮೀನಿನ ಪಕ್ಕೆಯ ಉದ್ದಕ್ಕೂ ನೀರಿನ ಅಲುಗಾಟ ಹಿಡಿಯುವ ಒಂದು ಗೆರೆ ಇದೆ. ಕಲಕಿದ ನೀರಿನಲ್ಲಿ ಕಣ್ಣು ಕಾಣದಿದ್ದರೂ ಆ ಗೆರೆಗೆ ಈ ತಳಮಳ ತಿಳಿಯುತ್ತದೆ. ಲೂರಿನ ಬಣ್ಣದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ.

ಹೆಣೆದ ದಾರಕ್ಕೆ ಎರಡು ಕೊರತೆಗಳಿವೆ. ಒಂದು, ಒರಟು ಬೊಡ್ಡೆಗೆ ಉಜ್ಜಿದರೆ ಬೇಗ ಸವೆಯುತ್ತದೆ. ಅದಕ್ಕೆ ತುದಿಗೆ ಒಂದು ಮಾರು ದಪ್ಪ ನೈಲಾನ್ ಸೇರಿಸಬೇಕು. ಬಾಳೆ ಮೀನಿನ ಹಲ್ಲಿಗೂ ಅದೇ ಮದ್ದು. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಿದ್ದಾಗ ಬಿಗಿದರೆ ಉಜ್ಜಾಟದ ಬಿಸಿಗೆ ನೈಲಾನ್ ಸೊರಗುತ್ತದೆ. ಇನ್ನೊಂದು ಕೊರತೆ, ಅದು ನೈಲಾನಿನಂತೆ ಹಿಗ್ಗುವುದಿಲ್ಲ. ಮೀನು ಜಗ್ಗಿದರೆ ಪೆಟ್ಟು ನೇರ ಬಾಯಿಗೆ ಬಿದ್ದು ಗಾಳದ ಮುಳ್ಳು ಹರಿದು ಬರುತ್ತದೆ. ಆಗ ಕೋಲು ಬಾಗಬೇಕು. ಅದಕ್ಕೇ ಟ್ರೋಲಿಂಗ್‌ಗೆ ಮೆದು ತುದಿಯ ಫೈಬರ್‌ಗ್ಲಾಸ್ ಕೋಲೇ ಸಾಕು. ಗಟ್ಟಿ ಕಾರ್ಬನ್ ಕೋಲಿಗೆ ದುಡ್ಡು ಸುರಿಯುವುದು ದಂಡ. ಸಾಲದ್ದಕ್ಕೆ ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಏಪ್ರಿಲ್, ಮೇ ಸಂಜೆಗಳ ಗುಡುಗು ಕೇಳಿಸಿದರೆ ಯಾವ ಕೋಲಾದರೂ ಮಲಗಿಸಿ ದಡ ಸೇರಬೇಕು. ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂತ ಬೇರೆ ಹೇಳಬೇಕಾಗಿಲ್ಲ.

ರೀಲಿನ ಬ್ರೇಕಿನಲ್ಲಿ ಒಂದು ಚಂದದ ಭೌತಶಾಸ್ತ್ರ ಅಡಗಿದೆ. ದಾರ ಎಂಟು ಕಿಲೋ ತಡೆಯುವುದಾದರೆ ಬ್ರೇಕು ಎರಡು ಕಿಲೋಗೆ ಜಾರುವಂತೆ ಇಡುತ್ತಾರೆ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದರೆ ಗೊತ್ತಾಗುತ್ತದೆ. ಇಷ್ಟು ಕಡಿಮೆ ಯಾಕೆ? ದೊಡ್ಡ ಮೀನು ದಾರ ಎಳೆದುಕೊಂಡು ಓಡಿದಂತೆ ರೀಲಿನ ಸುರುಳಿ ಸಣ್ಣದಾಗುತ್ತದೆ. ಸಣ್ಣ ಸುರುಳಿಯನ್ನು ತಿರುಗಿಸಲು ಜಾಸ್ತಿ ಬಲ ಬೇಕು, ಬಾವಿಯ ರಾಟೆಯ ಹಿಡಿ ಗಿಡ್ಡವಾದ ಹಾಗೆ. ಸುರುಳಿಯ ಅಡ್ಡಳತೆ ಅರ್ಧಕ್ಕೆ ಇಳಿದಾಗ ನಿಮ್ಮ ಎರಡು ಕಿಲೋ ನಾಲ್ಕು ಕಿಲೋ ಆಗಿರುತ್ತದೆ. ನೀವು ಬ್ರೇಕು ಮುಟ್ಟಿಯೇ ಇರುವುದಿಲ್ಲ. ಮೇಲೆ ನೀರಿನಲ್ಲಿರುವ ದಾರದ ಎಳೆತ ಬೇರೆ. ಮೀನು ದೂರ ಓಡಿದಾಗ ಬ್ರೇಕು ಬಿಗಿ ಮಾಡುವವರೇ ಜಾಸ್ತಿ. ಆಗ ಸಡಿಲ ಮಾಡಬೇಕು.

ಎಲ್ಲಿ ಗಾಳ ಹಾಕಬಹುದು ಎಂದು ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ, ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯಕ್ಕೆ ಸೇರಿದೆ. ತೀರ್ಥಹಳ್ಳಿಯ ಹತ್ತಿರ ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮ, ಶೃಂಗೇರಿಯ ಮೀನುಗಳು, ಇವೆಲ್ಲ ನೋಡುವುದಕ್ಕೆ ಮಾತ್ರ. ಮಳೆ ಶುರುವಾಗಿ ಮೀನು ಹತ್ತುವ ಹೊತ್ತಿನಲ್ಲಿ, ಹೊಟ್ಟೆಯಲ್ಲಿ ಮೊಟ್ಟೆ ಇರುವಾಗ, ಗಾಳ ಮನೆಯಲ್ಲೇ ಇರಲಿ.

ಇನ್ನು ಆ ನಾನೂರೈವತ್ತು ರೂಪಾಯಿ. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಾನು ದಾರ ಕಡಿದುಕೊಂಡ ದಿನ 1806 ಇತ್ತು, ಡೈರಿಯಲ್ಲಿ ಬರೆದಿದ್ದೆ. ಫೆಬ್ರುವರಿ ಕೊನೆಗೆ ಅಣ್ಣ ಫೋನ್ ಮಾಡಿ, "ನಿಮ್ಮ ಮೀನು ಒಣಗ್ತಾ ಇದೆ, ಬನ್ನಿ" ಎಂದರು. ಮಟ್ಟ 1794ಕ್ಕೆ ಇಳಿದಿತ್ತು. ಬೊಡ್ಡೆಯ ಕವಲಿನಲ್ಲಿ, ನೀರಿನಿಂದ ಎರಡೂವರೆ ಅಡಿ ಮೇಲೆ, ನನ್ನ ಹುಸಿ ಮೀನು ನೇತಾಡುತ್ತಿತ್ತು. ಹನ್ನೆರಡರಲ್ಲಿ ಎರಡೂವರೆ ಕಳೆದರೆ ಒಂಬತ್ತೂವರೆ ಅಡಿ. ಹುಸಿ ಮೀನಿನ ಡಬ್ಬಿಯ ಮೇಲೆ ನಾಲ್ಕು ಮೀಟರ್ ಆಳದಲ್ಲಿ ಓಡುತ್ತದೆ ಎಂದು ಬರೆದಿತ್ತು, ಅಂದರೆ ಹದಿಮೂರು ಅಡಿ. ಅವತ್ತು ನಾನು ಸುತ್ತಿದ್ದದ್ದು ಅಂಗಡಿಯಲ್ಲಿ "ಯಾವುದಾದರೂ ಕೊಡಿ" ಎಂದು ತಂದ ದಪ್ಪ ದಾರ. ಮುಳ್ಳುಗಳು ತುಕ್ಕು ಹಿಡಿದಿದ್ದವು. ಬಣ್ಣ ಹಾಗೇ ಇತ್ತು.