ಕಂಬಕ್ಕೆ ಸುತ್ತಿದ ಬಟ್ಟೆ ಭಾರ ಹೊರುವುದಿಲ್ಲ

ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಗಳ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆಯ ವರದಿ ಬಂದೊಡನೆ, ಪಿಲ್ಲರುಗಳಿಗೆ ಕಾರ್ಬನ್ ಫೈಬರ್ ಸುತ್ತಿಸುವ ಮಾತು ನಮ್ಮ ಕನ್ನಡಿಗರ ನಡುವೆಯೂ ಏಳುತ್ತದೆ. ಉಕ್ಕಿಗಿಂತ ಬಲವಾದ ಬಟ್ಟೆಯನ್ನು ಇಪಾಕ್ಸಿ ಎಂಬ ರಾಳದ ಅಂಟಿನಿಂದ ಅಂಟಿಸಿದರೆ ಕಟ್ಟಡದ ಭಾರವನ್ನು ಅದೇ ಹೊರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅಡ್ಡಲಾಗಿ ಸುತ್ತಿದ ಎಳೆಗಳು ಮೇಲಿನ ಭಾರವನ್ನು ನೇರವಾಗಿ ಹೊರುವುದಿಲ್ಲ. ಅವುಗಳ ಕೆಲಸವೇ ಬೇರೆ.

ಭಾರ ಬಿದ್ದ ಕಾಂಕ್ರೀಟು ಎತ್ತರದಲ್ಲಿ ಕುಗ್ಗಿ ಅಡ್ಡಕ್ಕೆ ಉಬ್ಬುತ್ತದೆ. ಭಾರ ಮಿತಿಯನ್ನು ಸಮೀಪಿಸಿದಾಗ ಒಳಗಿನ ಸೂಕ್ಷ್ಮ ಬಿರುಕುಗಳು ಬಾಯಿಬಿಟ್ಟು ಉಬ್ಬು ಥಟ್ಟನೆ ಹೆಚ್ಚುತ್ತದೆ. ಸುತ್ತಿದ ಪದರ ನಿಜವಾಗಿ ಬಿಗಿಯುವುದು ಆಗಲೇ. ಬಿಡಿ ಮರಳು ತುಳಿದರೆ ಹರಡುತ್ತದೆ, ಚೀಲಕ್ಕೆ ತುಂಬಿದ ಮರಳು ತುಳಿದವನನ್ನು ಹೊರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಟ್ ಮತ್ತು ಸಂಗಡಿಗರು 1928ರಲ್ಲಿ ಕಾಂಕ್ರೀಟ್ ಸಿಲಿಂಡರುಗಳನ್ನು ಸುತ್ತಲೂ ದ್ರವದ ಒತ್ತಡದಲ್ಲಿಟ್ಟು ಅದುಮಿ, ಅಡ್ಡ ಒತ್ತಡದ ಸುಮಾರು 4.1 ಪಟ್ಟು ಬಲ ಹೆಚ್ಚುವುದನ್ನು ತೋರಿಸಿದರು. ಫೈಬರ್ ಬಟ್ಟೆ ಸುತ್ತಿದಾಗ ಈ ಗುಣಾಂಕ 3ರ ಆಸುಪಾಸಿನಲ್ಲಿದೆ. ಲೆಕ್ಕ ಹಾಕೋಣ: 300 ಮಿ.ಮೀ. ವ್ಯಾಸದ ದುಂಡು ಕಂಬಕ್ಕೆ 0.165 ಮಿ.ಮೀ. ದಪ್ಪದ ಎರಡು ಪದರ ಸುತ್ತಿದ್ದು, ಅದು ಶೇ. 0.4ರಷ್ಟು ಹಿಗ್ಗಿದರೆ ಸುಮಾರು 2 ಮೆಗಾಪಾಸ್ಕಲ್ (ಒತ್ತಡದ, ಬಲದ ಅಳತೆ) ಅಡ್ಡ ಒತ್ತಡ ಹುಟ್ಟುತ್ತದೆ. 20 ಮೆಗಾಪಾಸ್ಕಲ್ ಬಲದ ಕಾಂಕ್ರೀಟಿಗೆ ಅದರ ಮೂರು ಪಟ್ಟು, ಸುಮಾರು 6 ಮೆಗಾಪಾಸ್ಕಲ್ ಕೂಡುತ್ತದೆ.

ಆದರೆ ಮುಂಬೈಯ ಪಿಲ್ಲರುಗಳು ದುಂಡಗಿರುವುದು ಅಪರೂಪ. ಗೋಡೆಯೊಳಗೆ ಅಡಗಲೆಂದು ಅವನ್ನು 230 ಮಿ.ಮೀ. ಅಗಲ, 600 ಮಿ.ಮೀ. ಉದ್ದಕ್ಕೆ ಎರಕ ಹೊಯ್ದಿರುತ್ತಾರೆ. ಚಪ್ಪಟೆ ಮುಖದಲ್ಲಿ ಬಟ್ಟೆ ಹೊರಕ್ಕೆ ಬಾಗುವುದೇ ಹೊರತು ಒತ್ತುವುದಿಲ್ಲ. ಹಿಡಿತವೆಲ್ಲ ಮೂಲೆಗಳಲ್ಲಿ ಮಾತ್ರ. ಆದ್ದರಿಂದಲೇ ಕೆಲಸಗಾರರು ಗ್ರೈಂಡರಿನಿಂದ ಮೂಲೆಗಳನ್ನು ದುಂಡಗೆ ಉಜ್ಜುತ್ತಾರೆ; ಚೂಪಾದ ಮೂಲೆಯಲ್ಲಿ ಎಳೆಗಳು ಹರಿದುಹೋಗುತ್ತವೆ. ಬದಿಗಳ ಅನುಪಾತ 2ನ್ನು ದಾಟಿದರೆ, ಪರೀಕ್ಷೆಯ ಆಧಾರವಿಲ್ಲದೆ ಈ ಲಾಭವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಂಬದ ಅನುಪಾತ 2.6. ಭೂಕಂಪದ ಅಡ್ಡ ಕತ್ತರಿಕೆಯನ್ನು ತಡೆಯಲು ಸುತ್ತು ಇಲ್ಲಿಯೂ ಉಪಯುಕ್ತ, ಆದರೆ ಅದು ಬೇರೆ ಲೆಕ್ಕ.

ಇನ್ನು ತುಕ್ಕಿನ ಮಾತು. ಕಡಲ ಗಾಳಿಯ ಉಪ್ಪು ಒಳಗಿಳಿದ ಕಂಬದಲ್ಲಿ ತುಕ್ಕು ಮೂಲ ಕಬ್ಬಿಣದ 2ರಿಂದ 6 ಪಟ್ಟು ಜಾಗ ಹಿಡಿದು ಕಾಂಕ್ರೀಟನ್ನು ಸೀಳುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಭಾಗವನ್ನು ಕಿತ್ತು, ಸರಳುಗಳನ್ನು ಉಜ್ಜಿ, ಹೊಸ ಗಾರೆ ತುಂಬದೆ ಬಟ್ಟೆ ಸುತ್ತುವುದು ರೋಗವನ್ನು ಮುಚ್ಚಿಡುವ ಕೆಲಸ. ಪ್ಲಾಸ್ಟರಿನ ಮೇಲೆಯೇ ಸುತ್ತುವುದಂತೂ ಹಣ ಪೋಲು. ಮಾಮೂಲಿ ಇಪಾಕ್ಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ, ಬೆಂಕಿ ಬಿದ್ದಾಗ ಸುತ್ತು ಇಲ್ಲವೆಂದೇ ಭಾವಿಸಿ, ಹಳೆಯ ಕಂಬ ಒಂದೇ ಅಂದಿನ ಭಾರವನ್ನು ತಾಳುವುದೇ ಎಂಬುದನ್ನು ಎಂಜಿನಿಯರು ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.